ಹಸಿರು ದೀಪದ ಮಾತು ನಂಬಬೇಡಿ

ಸಾತನೂರು ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವತ್ತೊಂದು ವರ್ಷ ನರ್ಸಮ್ಮನಾಗಿ ದುಡಿದು ನಿವೃತ್ತಳಾದವಳು ನಾನು. ಹೆಸರು ಪುಟ್ಟಲಕ್ಷ್ಮಿ. ಆದರೆ ಆ ಸುತ್ತಿನ ಊರುಗಳಲ್ಲಿ ಆ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಸಿಸ್ಟ್ರಮ್ಮ ಅನ್ನಬೇಕು.

ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಕನಕಪುರದ ನಮ್ಮ ಮನೆಗೆ ಬಂದಿದ್ದರು. "ಆಂಟಿ, ಬ್ಯಾಗಲ್ಲಿ ಏನೇನು ಇಟ್ಕೊಂಡಿರ್ಬೇಕು ಹೇಳಿ" ಎಂದು ಕೇಳಿದರು. ಬಿಪಿ ನೋಡುವುದು, ಸೂಜಿ ಹಾಕುವುದು, ಕಾರ್ಡು ತುಂಬುವುದು ಎಲ್ಲ ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ನಾನು, "ಮೊದಲು ಬ್ಯಾಟ್ರಿ ಚಾರ್ಜರ್ ಸರಿಯಾಗಿ ಬಳಸೋದು ಕಲೀರಮ್ಮ" ಅಂದೆ. ಇಬ್ಬರೂ ನಕ್ಕರು. ನಗಲಿ. ಅವರ ವಯಸ್ಸಿನಲ್ಲಿ ನನಗೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಗುತ್ತಿದ್ದೆ. ನನಗೆ ಈ ಪಾಠ ಕಲಿಸಿದ ಸಂಗತಿಗಳನ್ನು ಅವರಿಗಾಗಿಯೇ ಬರೆದಿಡುತ್ತಿದ್ದೇನೆ.

ನಮ್ಮ ಕಡೆ ಟಾರ್ಚಿಗೇ ಬ್ಯಾಟ್ರಿ ಅನ್ನುತ್ತಾರೆ. ಒಳಗೆ ಹಾಕುವುದು ಸೆಲ್ಲು. ನಾನು ಕೆಲಸಕ್ಕೆ ಸೇರಿದಾಗ ಎರಡು ಸೆಲ್ಲಿನ ಸ್ಟೀಲ್ ಬ್ಯಾಟ್ರಿ ಇತ್ತು. ಮಗುವಿನ ಗಂಟಲು ನೋಡುವುದಕ್ಕೂ ಅದೇ, ಹೆರಿಗೆಗೂ ಅದೇ, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಹಾವು ಇದೆಯೋ ಇಲ್ಲವೋ ನೋಡಿಕೊಂಡು ನಡೆಯುವುದಕ್ಕೂ ಅದೇ. ಸೆಲ್ಲು ಮಂಕಾದರೆ ಗೋಡೆಯ ಮೇಲೆ ಬಿಸಿಲಿಗೆ ಇಡುತ್ತಿದ್ದೆವು. ಒಂದೆರಡು ದಿನ ಜೀವ ಬಂದಂತೆ ಉರಿಯುತ್ತಿತ್ತು. ಮರೆತು ಒಳಗೇ ಬಿಟ್ಟರೆ ಸೆಲ್ಲು ಸೋರಿ, ಬಿಳಿ ಹಿಟ್ಟು ಕಟ್ಟಿಕೊಂಡು, ಬ್ಯಾಟ್ರಿಯ ಸ್ಪ್ರಿಂಗನ್ನೇ ತಿಂದು ಹಾಕುತ್ತಿತ್ತು. ನನ್ನ ಸರ್ವೀಸಿನ ಅರ್ಧ ಭಾಗ ಹೀಗೇ ಕಳೆಯಿತು.

ಆಮೇಲೆ ಲಿಥಿಯಂ ಸೆಲ್ಲಿನ ಬ್ಯಾಟ್ರಿ ಬಂತು. ನಾನು ಮೊದಲನೆಯದನ್ನು ಕೊಂಡದ್ದು ರಾಮನಗರ ಬಸ್ ಸ್ಟ್ಯಾಂಡ್ ಹತ್ತಿರ ಟಾರ್ಪಾಲು ಹಾಸಿ ಮಾರುತ್ತಿದ್ದವನ ಬಳಿ. ಹೆಬ್ಬೆರಳಿಗಿಂತ ಒಂದಿಷ್ಟು ಉದ್ದದ ಒಂದೇ ಸೆಲ್ಲು. ಅದರ ಜೊತೆ ಅಂಗೈಯಷ್ಟು ಕಪ್ಪು ಪ್ಲಾಸ್ಟಿಕ್ ಚಾರ್ಜರು, ಒಂದು ಸೆಲ್ಲು ಕೂರುವಷ್ಟೇ ಜಾಗ. ಒಂದು ಕಡೆ ಹಿಂದಕ್ಕೆ ಎಳೆಯುವ ಸ್ಪ್ರಿಂಗಿನ ತಗಡು, ಬೆನ್ನಲ್ಲಿ ನೇರವಾಗಿ ಗೋಡೆಗೆ ಚುಚ್ಚುವ ಎರಡು ಪಿನ್ನು. ಚಾರ್ಜ್ ಆಗುವಾಗ ಕೆಂಪು ದೀಪ, ತುಂಬಿದ ಮೇಲೆ ಹಸಿರು ದೀಪ. ಮಾರುವವನು ಇಷ್ಟನ್ನೇ ಹೇಳಿದ. ನಾನು ಇಷ್ಟನ್ನೇ ನಂಬಿದೆ.

ಬೆಳಕು ಮಾತ್ರ ಭರ್ಜರಿ. ನಮ್ಮ ಆಶಾ ಕಾರ್ಯಕರ್ತೆ ಸಿದ್ದಮ್ಮ ಮೊದಲ ಸಲ ಅದನ್ನು ಹತ್ತಿಸಿ ನೋಡಿ, "ಅವ್ವಯ್ಯ, ಇದೇನ್ ಸಿಸ್ಟ್ರಮ್ಮ, ಲಾರಿ ಲೈಟ್ ಇದ್ದಂಗೈತೆ!" ಅಂದಿದ್ದಳು. ಸಿದ್ದಮ್ಮ ನನಗಿಂತ ಹತ್ತು ವರ್ಷ ಚಿಕ್ಕವಳು. ಎಲೆಅಡಿಕೆ ಇಲ್ಲದೆ ಒಂದು ಫರ್ಲಾಂಗು ನಡೆಯುವವಳಲ್ಲ. ಆದರೆ ಯಾವ ಮನೆಯಲ್ಲಿ ಯಾವ ಬಸುರಿ ಊಟ ಬಿಟ್ಟಿದ್ದಾಳೆ ಎಂಬುದು ಅವಳಿಗೆ ಗೊತ್ತಿರುತ್ತಿತ್ತು.

ಮಂಜುಳ ಎಂಬ ಹುಡುಗಿಯ ಹೆರಿಗೆ ಆದದ್ದು ಒಂದು ಮುಂಗಾರಿನ ಮಧ್ಯಾಹ್ನ. ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದವಳು, ಚೊಚ್ಚಲು. ಅತ್ತೆ ಕೆಂಪಮ್ಮ ಜೊತೆಗಿದ್ದರು. ನಮ್ಮ ವೈದ್ಯಾಧಿಕಾರಿ ಶೈಲಜಾ ಮೇಡಂ ಮೀಟಿಂಗಿಗೆಂದು ರಾಮನಗರಕ್ಕೆ ಹೋಗಿದ್ದರು. ಹೆರಿಗೆ ಸರಾಗವಾಗಿಯೇ ಆಯಿತು. ಹೆಣ್ಣುಮಗು, ಜೋರಾಗಿ ಅತ್ತಿತು. ಅಷ್ಟರಲ್ಲಿ ಹೊರಗೆ ಗಾಳಿ ಎದ್ದಿತು. ಕರೆಂಟು ಹೋಯಿತು. ಯುಪಿಎಸ್ ಕೆಟ್ಟು ಎರಡು ವಾರವಾಗಿತ್ತು. ಮೋಡ ಕವಿದು ಹೆರಿಗೆ ಕೋಣೆ ಕತ್ತಲಾಯಿತು. ಅದಕ್ಕಿದ್ದ ಒಂದೇ ಕಿಟಕಿಯೂ ಹಿಂದಿನ ಗೋಡೆಗೆ ಮುಖ ಮಾಡಿತ್ತು.

ಕಸ, ಅಂದರೆ ಮಾಸು, ಪೂರ್ತಿ ಬಿದ್ದಿತ್ತು. ಹೊಟ್ಟೆ ಒತ್ತಿ ನೋಡಿದೆ, ಗರ್ಭಕೋಶ ಗಟ್ಟಿಯಾಗಿತ್ತು. ಆದರೂ ರಕ್ತ ನಿಲ್ಲಲಿಲ್ಲ. ಹಾಗಾದರೆ ಒಳಗೆಲ್ಲೋ ಹರಿದಿದೆ ಎಂದು ಅರ್ಥ. ಎಲ್ಲಿ ಎಂದು ನೋಡಬೇಕು.

"ಸಿದ್ದಮ್ಮ, ಬ್ಯಾಟ್ರಿ ತಗೋ" ಅಂದೆ. ಬೆಳಗ್ಗೆಯಷ್ಟೇ ಚಾರ್ಜಿನಿಂದ ತೆಗೆದಿದ್ದೆ. ಹಿಂದಿನ ದಿನ ಸಂಜೆ ಚುಚ್ಚಿದಾಗಿನಿಂದ ಹಸಿರು ದೀಪ ಇತ್ತು. ತುಂಬಿದೆ ಎಂದು ಎಷ್ಟು ಧೈರ್ಯವಿತ್ತೆಂದರೆ ಹತ್ತಿಸಿ ಕೂಡ ನೋಡಿರಲಿಲ್ಲ.

ಸಿದ್ದಮ್ಮ ಹತ್ತಿಸಿದಳು. ನಾನು ಹತ್ತಿ ಒತ್ತಿ ಹಿಡಿದು ಬಾಗಿ ನೋಡುವಷ್ಟರಲ್ಲಿ ಬೆಳಕು ಎರಡು ಸಲ ಮಿಣುಕಿ ಆರಿಹೋಯಿತು. ಮತ್ತೆ ಒತ್ತಿದಳು. ಅಂಗೈಗೆ ಬಡಿದು ಒತ್ತಿದಳು. ಇಲ್ಲ. ಅವಳ ಬಟನ್ ಫೋನಿನ ತುದಿಯಲ್ಲಿ ಸಣ್ಣ ದೀಪ ಇತ್ತು, ಅದನ್ನು ಹಿಡಿದಳು. ರಕ್ತ ಕಾಣುತ್ತಿತ್ತೇ ಹೊರತು ಅದು ಬರುತ್ತಿದ್ದ ಜಾಗ ಕಾಣುತ್ತಿರಲಿಲ್ಲ.

ಮೇಡಂಗೆ ಫೋನ್ ಹಚ್ಚಿಸಿ ಕಿವಿಗೆ ಹಿಡಿಸಿಕೊಂಡೆ. "ಕಾಣೋ ಹಾಗಿದ್ರೆ ಹೊಲಿಗೆ ಹಾಕಿ ಸಿಸ್ಟರ್. ಕಾಣ್ದಿದ್ರೆ ಬಟ್ಟೆ ತುಂಬಿ ಒತ್ತಿ ಹಿಡ್ಕೊಂಡು ಕಳಿಸಿ" ಅಂದರು. ಆಂಬ್ಯುಲೆನ್ಸಿಗೆ ಹೇಳಿ ಆಗಿತ್ತು. ದಾರಿಯಲ್ಲಿ ಮರ ಬಿದ್ದಿದೆ, ಸುತ್ತಿ ಬರಬೇಕು ಅಂದಿದ್ದರು.

ಮಂಜುಳ, "ಸಿಸ್ಟ್ರಮ್ಮ, ನಂಗೆ ಚಳಿ ಆಯ್ತೈತೆ" ಅಂದಳು. ಹೆರಿಗೆಯಾದವಳು ಚಳಿ ಅನ್ನುವುದು, ತುಟಿ ಬಿಳಿಚಿಕೊಳ್ಳುವುದು ಯಾವುದರ ಗುರುತು ಎಂದು ನನಗೆ ಗೊತ್ತಿತ್ತು.

"ಮಂಚ ಎತ್ತಿ. ವರಾಂಡಕ್ಕೆ ತನ್ನಿ" ಅಂದೆ.

ಕೆಂಪಮ್ಮ ಬಾಗಿಲಿಗೆ ಅಡ್ಡ ನಿಂತರು. "ಬಯಲಿಗಾ? ಗಂಡಸರು ಕುಂತವ್ರೆ ಅಲ್ಲಿ! ಏನಂತ ಮಾತಾಡ್ತೀಯವ್ವ?"

"ಗಂಡಸರನ್ನ ಮಳೆಗೆ ಓಡಿಸಿ. ನಿಮ್ಮ ಸೊಸೆ ಬೇಕೋ ಮರ್ಯಾದೆ ಬೇಕೋ, ಈಗ್ಲೇ ಹೇಳಿ."

ಹಿರಿಯರಿಗೆ ಹಾಗೆ ಹೇಳಬಾರದಿತ್ತು. ಆದರೆ ಕೆಂಪಮ್ಮ ಬಾಗಿಲು ಬಿಟ್ಟು ಸರಿದರು. ಹೊರಗೆ ಹೋಗಿ ಕೂಗಿಯೇ ಗಂಡಸರನ್ನೆಲ್ಲ ಕಟ್ಟಡದ ಹಿಂದಕ್ಕೆ ಅಟ್ಟಿದರು. ಪರೀಕ್ಷೆಗೆ ಬಂದಿದ್ದ ಬಸುರಿಯರು, ಅವರ ತಾಯಂದಿರು, ಕಸ ಗುಡಿಸುವ ಹೆಂಗಸು, ಎಲ್ಲರೂ ಸೇರಿ ಮಂಚ ಎತ್ತಿದರು. ಹಾಸಿಗೆಯ ದುಪ್ಪಟಿಗಳನ್ನೂ ಯಾರದೋ ಚೀಲದಲ್ಲಿದ್ದ ಸೀರೆಯನ್ನೂ ಬಿಡಿಸಿ ಮೂರು ಕಡೆ ಗೋಡೆಯಂತೆ ಹಿಡಿದು ನಿಂತರು. ಬಯಲ ಕಡೆಯನ್ನು ಮಾತ್ರ ಬೆಳಕಿಗಾಗಿ ಬಿಟ್ಟರು. ಎರಚಲು ಬಂದು ನನ್ನ ಬೆನ್ನು ನೆನೆಯಿತು. ಆ ಬೂದು ಬೆಳಕಿನಲ್ಲಿ ಹರಿದ ಜಾಗ ಕಂಡಿತು. ಹೊಲಿಗೆ ಹಾಕಿದೆ. ಎಷ್ಟು ಎಂದು ಆಗ ಎಣಿಸಲಿಲ್ಲ. ರಕ್ತ ನಿಂತಿತು. ಅರ್ಧ ಗಂಟೆಯ ಮೇಲೆ ಆಂಬ್ಯುಲೆನ್ಸ್ ಬಂತು. ಮಂಜುಳ ದೊಡ್ಡಾಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡು ನಾಲ್ಕನೇ ದಿನ ಮಗುವಿನೊಂದಿಗೆ ಮನೆಗೆ ಹೋದಳು.

ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಮಾತ್ರ ಅನ್ನ ಇಳಿಯಲಿಲ್ಲ. ಹಸಿರು ದೀಪ ನೋಡಿದ್ದೆನಲ್ಲ? ಯಾಕೆ ಹೀಗಾಯಿತು? ಇದು ತಿಳಿಯದೆ ಇನ್ನೊಂದು ಹೆರಿಗೆಗೆ ಕೈಹಾಕುವುದಿಲ್ಲ ಎಂದು ತೀರ್ಮಾನ ಮಾಡಿ, ಭಾನುವಾರ ಬ್ಯಾಟ್ರಿ, ಚಾರ್ಜರು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ.

ಅಲ್ಲಿ ನಯಾಜ್ ಭಾಯ್ ಅಂತ ಒಬ್ಬರಿದ್ದರು. ಬಹಳ ಕಾಲ ಗೊಂಬೆ ಕಡೆಯುವ ಕೆಲಸ ಮಾಡಿ, ಮರದ ಪುಡಿ ಎದೆಗೆ ಆಗದಾದ ಮೇಲೆ ರೇಡಿಯೋ, ಬ್ಯಾಟ್ರಿ ರಿಪೇರಿಗೆ ಕೂತವರು. ಅಂಗಡಿ ಎಂದರೆ ಮನೆಯ ಜಗಲಿಯೇ. ನನ್ನ ಕಥೆಯನ್ನು ಪೂರ್ತಿ ಕೇಳಿ, ಚಾರ್ಜರನ್ನು ಗೋಡೆಗೆ ಚುಚ್ಚಿದರು. ಸೆಲ್ಲನ್ನು ಹಾಕಲೇ ಇಲ್ಲ. ಹಸಿರು ದೀಪ ಹತ್ತಿತು.

"ನೋಡಿದ್ರಾ ಸಿಸ್ಟ್ರಮ್ಮ? ಒಳಗೆ ಏನೂ ಇಲ್ಲ. ಆದ್ರೂ ಹಸಿರು."

"ಅಂದ್ರೆ?"

"ಹಸಿರು ಅಂದ್ರೆ ತುಂಬೈತೆ ಅಂತ ಅಲ್ಲ. ಕರೆಂಟ್ ಒಳಗೆ ಹೋಗ್ತಿಲ್ಲ ಅಂತ, ಅಷ್ಟೇ. ಹೊಟ್ಟೆ ತುಂಬಿದೋನೂ ತಿನ್ನಲ್ಲ. ಬಾಯಿ ಹೊಲ್ದಿರೋನೂ ತಿನ್ನಲ್ಲ. ಈ ದೀಪಕ್ಕೆ ಇಬ್ರೂ ಒಂದೇ."

ಆಮೇಲೆ ಸ್ಪ್ರಿಂಗಿನ ತಗಡನ್ನು ಎಳೆದು ತೋರಿಸಿದರು. ತುದಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ನಾನು ಒದ್ದೆ ಕೈಯಲ್ಲಿ, ಔಷಧಿ ಕೈಯಲ್ಲಿ ಮುಟ್ಟಿ ಮುಟ್ಟಿ ಆಗಿದ್ದದ್ದು. ಸೆಲ್ಲು ಕೂತಂತೆ ಕಂಡರೂ ತಗಡಿಗೆ ತಾಗುತ್ತಿರಲಿಲ್ಲ. ಇಡೀ ರಾತ್ರಿ ಒಂದು ತೊಟ್ಟು ಕರೆಂಟೂ ಒಳಗೆ ಹೋಗಿರಲಿಲ್ಲ.

ಅವತ್ತು ಮಧ್ಯಾಹ್ನದವರೆಗೆ ಆ ಜಗಲಿಯ ಮೇಲೆ ಕೂತು ಕಲಿತೆ. ಮೊದಲು ಕೆಂಪು ಹತ್ತಿತೇ ನೋಡಬೇಕು. ಕೆಂಪು ಹತ್ತಿ, ಗಂಟೆಗಟ್ಟಲೆ ಉರಿದು, ಆಮೇಲೆ ಹಸಿರಾದರೆ ಅದು ತುಂಬಿದ ಹಸಿರು. ಹಾಕಿದ ತಕ್ಷಣ ಹಸಿರಾದರೆ ತೆಗೆದು, ಒಣಬಟ್ಟೆಯಲ್ಲಿ ಎರಡೂ ತುದಿ ಒರೆಸಿ, ಮತ್ತೆ ಹಾಕಬೇಕು. ಇಂಥ ಅಗ್ಗದ ಚಾರ್ಜರು ನಿಧಾನ. ಖಾಲಿ ಸೆಲ್ಲಿಗೆ ಆರೇಳು ಗಂಟೆ ಬೇಕೇ ಬೇಕು. ಒಂದು ಗಂಟೆಯಲ್ಲಿ ತುಂಬಿತು ಎಂದರೆ ಸೆಲ್ಲು ಸತ್ತಿದೆ ಎಂದೇ ತಿಳಿಯಬೇಕು. ಪ್ಲಸ್ಸು ಪ್ಲಸ್ಸಿನ ಕಡೆಗೇ ಇರಬೇಕು, ತಿರುಗಿಸಿ ಹಾಕಿದರೆ ಕೆಡುತ್ತದೆ. ಮುಟ್ಟಿದರೆ ಉಗುರುಬೆಚ್ಚಗಿರಬಹುದು, ಕೈ ಸುಡಬಾರದು. ಹೊರಡುವಾಗ ಭಾಯ್ ಸೆಲ್ಲಿನ ವೋಲ್ಟು ಅಳೆಯುವ ತಮ್ಮ ಹಳೆಯ ಮೀಟರನ್ನು ಕೊಟ್ಟರು. "ದೀಪ ಸುಳ್ಳು ಹೇಳ್ತೈತೆ. ಇದು ಹೇಳಲ್ಲ. ತುಂಬಿದ ಸೆಲ್ಲು ನಾಲ್ಕು ಪಾಯಿಂಟ್ ಎರಡು ತೋರಿಸ್ಬೇಕು. ಅದಕ್ಕಿಂತ ಮೇಲೆ ಹೋದ್ರೆ ಆ ಚಾರ್ಜರ್ ಬಿಸಾಕಿ. ಎಲ್ಲಿ ನಿಲ್ಲಿಸ್ಬೇಕು ಅಂತ ಅದಕ್ಕೆ ಗೊತ್ತಿಲ್ಲ. ಸೆಲ್ಲು ಕಾದು ಬೆಂಕಿ ಹತ್ಕೊಳ್ತೈತೆ."

ಇಷ್ಟು ಕಲಿತವಳು ಆಮೇಲೆ ತಪ್ಪೇ ಮಾಡಲಿಲ್ಲ ಎಂದುಕೊಳ್ಳಬೇಡಿ.

ಮೊದಲು ಸಿದ್ದಮ್ಮನ ವಿಷಯ ಹೇಳುತ್ತೇನೆ. ಅವಳಿಗೂ ಒಂದು ಬ್ಯಾಟ್ರಿ ಕೊಡಿಸಿ, ಒಂದು ಸೆಲ್ಲು ಹೆಚ್ಚಿಗೆ ಕೊಟ್ಟಿದ್ದೆ. ಹೇಗೆ ಇಟ್ಟುಕೊಳ್ಳಬೇಕು ಎಂದು ಮಾತ್ರ ಹೇಳಿರಲಿಲ್ಲ. ಒಂದು ದಿನ ಇಬ್ಬರೂ ಕನಕಪುರದಿಂದ ಸರ್ಕಾರಿ ಬಸ್ಸಿನಲ್ಲಿ ಬರುತ್ತಿದ್ದೆವು. ಸಿದ್ದಮ್ಮ ಕೂತಲ್ಲೇ ಚಡಪಡಿಸತೊಡಗಿದಳು.

"ಏನಾಯ್ತೆ?"

"ಸೊಂಟದತ್ರ ಏನೋ ಕಾಯ್ತಾ ಐತೆ ಕಣಮ್ಮ."

ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲವನ್ನು ಹೊರಕ್ಕೆಳೆದಳು. ಹೊಗೆ ಬರುತ್ತಿತ್ತು. ಕಿಟಕಿಯಿಂದ ಎಸೆಯಲು ಕೈ ಎತ್ತಿದಳು. ಕೆಳಗೆ ಸೈಕಲ್ಲಿನವನೊಬ್ಬ ಹೋಗುತ್ತಿದ್ದ. ಕೈ ಹಿಡಿದು, "ಡ್ರೈವರ್ರೇ, ನಿಲ್ಸಿ!" ಎಂದು ಕಿರುಚಿದೆ. ಬಸ್ಸು ನಿಂತಿತು. ಇಳಿದು ಚೀಲವನ್ನು ರಸ್ತೆ ಬದಿಯ ಬರಿ ಮಣ್ಣಿನ ಮೇಲೆ ಇಟ್ಟು ದೂರ ನಿಂತೆವು. ಬುಸ್ ಎಂದು ಬೆಂಕಿ ಕಾರಿ, ಸುಣ್ಣದ ಡಬ್ಬಿಯೂ ಕರಗಿ, ತಣ್ಣಗಾಯಿತು. ಕೋಲಿನಿಂದ ಕೆದಕಿ ನೋಡಿದರೆ ಸೆಲ್ಲಿನ ಮೇಲೆ ಅಡಕತ್ತರಿ ಅಡ್ಡ ಬಿದ್ದಿತ್ತು. ಸೆಲ್ಲಿನ ಪ್ಲಾಸ್ಟಿಕ್ ಹೊದಿಕೆ ಮೊದಲೇ ತುದಿಯಲ್ಲಿ ಹರಿದಿತ್ತಂತೆ. ಕಬ್ಬಿಣ ಎರಡೂ ಕಡೆ ತಾಗಿ ಶಾರ್ಟ್ ಆಗಿತ್ತು.

ಸಿದ್ದಮ್ಮನ ಸೊಂಟದ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತ್ತು. ಅವಳು ಅತ್ತದ್ದು ಅದಕ್ಕಲ್ಲ. "ನಮ್ಮತ್ತೆ ಕೊಟ್ಟಿದ್ದ ಅಡಕತ್ತರಿ ಸಿಸ್ಟ್ರಮ್ಮ, ಬಾಯೇ ಹೋಗ್ಬುಡ್ತು" ಎಂದು ಅತ್ತಳು. ಮಾರನೇ ದಿನದಿಂದ ನಮ್ಮ ಸೆಲ್ಲುಗಳೆಲ್ಲ ಖಾಲಿ ಮಾತ್ರೆ ಡಬ್ಬಿಗಳಲ್ಲಿ, ಒಂದೊಂದೇ ಇರತೊಡಗಿದವು. ಹೊದಿಕೆ ಹರಿದದ್ದನ್ನು ಯಾರೂ ಬಳಸಕೂಡದು ಎಂದು ನಿಯಮ ಮಾಡಿದೆ.

ಇನ್ನೊಂದು ನನ್ನದೇ ತಪ್ಪು. ಹೇಳುವುದಕ್ಕೆ ಈಗಲೂ ನಾಚಿಕೆ. ಕೇಂದ್ರದಲ್ಲಿ ಲಸಿಕೆಯ ಫ್ರಿಜ್ಜಿನ ಪ್ಲಗ್ ಪಾಯಿಂಟು ಒಂದೇ ಗಟ್ಟಿಯಾಗಿತ್ತು. ಉಳಿದವು ಸಡಿಲ, ಚಾರ್ಜರು ಚುಚ್ಚಿದರೆ ಜೋತು ಬೀಳುತ್ತಿತ್ತು. ಒಂದು ಬುಧವಾರ ಸಂಜೆ, ಎರಡೇ ನಿಮಿಷ ಕೆಂಪು ದೀಪ ಹತ್ತುತ್ತದೋ ನೋಡೋಣ ಎಂದು ಫ್ರಿಜ್ಜಿನ ಪ್ಲಗ್ಗು ತೆಗೆದು ಚಾರ್ಜರು ಹಾಕಿದೆ. ಯಾರೋ ಕರೆದರು. ಹೋದೆ. ಹಾಗೇ ಮನೆಗೂ ಹೋದೆ.

ಗುರುವಾರ ಲಸಿಕೆಯ ದಿನ. ಬೆಳಗ್ಗೆ ನಾನೇ ಮೊದಲು ಬಾಗಿಲು ತೆಗೆದೆ. ಗೋಡೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು, ಕೆಳಗೆ ಫ್ರಿಜ್ಜಿನ ವೈರು ಬಿದ್ದಿತ್ತು. ಫ್ರಿಜ್ಜಿನೊಳಗಿನ ಥರ್ಮಾಮೀಟರು ಎಂಟು ಡಿಗ್ರಿಯ ಗೆರೆಗೆ ಬಂದು ನಿಂತಿತ್ತು. ಅದಕ್ಕಿಂತ ಮೇಲೆ ಹೋಗಬಾರದು. ಸುತ್ತ ಯಾರೂ ಇರಲಿಲ್ಲ. ಪ್ಲಗ್ಗು ಹಾಕಿ ಸುಮ್ಮನಾಗಿದ್ದರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂತು, ಬಂದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಪ್ಲಗ್ಗು ಹಾಕಿದೆ. ನಂತರ ಶೈಲಜಾ ಮೇಡಂಗೆ ಫೋನ್ ಮಾಡಿದೆ.

ಮೇಡಂ ಬಂದು ಒಂದೊಂದು ಬಾಟಲಿಯ ಮೇಲೂ ಇರುವ, ಬಿಸಿ ತಾಗಿದರೆ ಬಣ್ಣ ಬದಲಾಗುವ ಗುರುತನ್ನು ನೋಡಿದರು. "ಕೆಟ್ಟ ಹಾಗೆ ಕಾಣಲ್ಲ. ಆದ್ರೆ ಮೇಲಿನವ್ರು ಸರಿ ಅನ್ನೋವರೆಗೂ ಒಂದು ಮಗುಗೂ ಹಾಕೋ ಹಾಗಿಲ್ಲ" ಅಂದರು. ಬೈಯಲಿಲ್ಲ. "ನಡೆದದ್ದನ್ನ ನಿಮ್ಮ ಕೈಯಲ್ಲೇ ಬರೀರಿ" ಎಂದು ಹಾಳೆ ಕೊಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು. ಹೊರಗೆ ಕೂಲಿ ಬಿಟ್ಟು ಬಂದಿದ್ದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕೂತಿದ್ದರು. ಅವರ ಮುಂದೆ ನಿಂತು, "ತಪ್ಪು ನಂದು. ಫ್ರಿಜ್ಜು ಆಫ್ ಮಾಡ್ಬುಟ್ಟಿದ್ದೆ. ಇವತ್ತು ಹೋಗಿ, ನಾನೇ ನಿಮ್ಮ ಊರಿಗೆ ಬಂದು ಹಾಕ್ತೀನಿ" ಅಂದೆ. ಒಬ್ಬಳು ಗೊಣಗಿದಳು. ಉಳಿದವರು ಎದ್ದು ಹೋದರು. ಎರಡು ದಿನದ ಮೇಲೆ ಲಸಿಕೆ ಸರಿಯಿದೆ ಎಂದು ಉತ್ತರ ಬಂತು. ನಾನು ಹೇಳಿದಂತೆ ಊರೂರಿಗೆ ನಡೆದು ಹಾಕಿ ಬಂದೆ. ಫ್ರಿಜ್ಜಿನ ಪ್ಲಗ್ಗಿನ ಸುತ್ತ ಕೆಂಪು ಬಣ್ಣ ಬಳಿದೆ. ಚಾರ್ಜರಿಗೆ ಬೇರೆ ಬೋರ್ಡು ಹಾಕಿಸುವವರೆಗೆ ಮೇಡಂಗೆ ವಾರಕ್ಕೊಂದು ಅರ್ಜಿ ಕೊಟ್ಟೆ. ಆರನೇ ಅರ್ಜಿಗೆ ಬೋರ್ಡು ಬಂತು.

ಕೊನೆಯದು, ನಾನು ನಿವೃತ್ತಳಾಗುವ ವರ್ಷದ ಸಂಗತಿ. ಮೇಲಿನ ಕಚೇರಿಯಿಂದ ನಮ್ಮ ಕೇಂದ್ರಕ್ಕೂ ಸುತ್ತಲಿನ ಉಪಕೇಂದ್ರಗಳಿಗೂ, ಆಶಾ ಕಾರ್ಯಕರ್ತೆಯರಿಗೂ ಸೇರಿ ನಲವತ್ತು ಬ್ಯಾಟ್ರಿ, ನಲವತ್ತು ಚಾರ್ಜರು ಬಂದವು. ಹಿರಿಯಳೆಂದು ನನ್ನ ಹೆಸರಿಗೇ ಬಂದವು. "ಎಲ್ಲವೂ ಸುಸ್ಥಿತಿಯಲ್ಲಿವೆ" ಎಂದು ಸಹಿ ಮಾಡಿ ಹಂಚಬೇಕಿತ್ತು. ನಾನು ಮೀಟರು ತೆಗೆದೆ. ದಿನಕ್ಕೆ ನಾಲ್ಕೈದು ಚಾರ್ಜರು, ಕಣ್ಣೆದುರಿಗೇ, ಹಗಲಲ್ಲೇ ಚುಚ್ಚಿ, ಹಸಿರಾದ ಮೇಲೂ ಎರಡು ಗಂಟೆ ಬಿಟ್ಟು ಸೆಲ್ಲು ಅಳೆದೆ. ಒಂಬತ್ತು ದಿನ ಹಿಡಿಯಿತು. ಹದಿನೇಳು ಚಾರ್ಜರುಗಳು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ, ದೀಪ ಹಸಿರಾದ ಮೇಲೂ ಸಣ್ಣಗೆ ತುಂಬುತ್ತಲೇ ಇದ್ದವು. ಸೆಲ್ಲು ನಾಲ್ಕು ಪಾಯಿಂಟ್ ಮೂರು, ಅದಕ್ಕೂ ಮೇಲೆ ಹೋಗಿತ್ತು. ಅವುಗಳ ಮೇಲೆ ಬಿಳಿ ಪ್ಲಾಸ್ಟರು ಅಂಟಿಸಿ ಬೇರೆ ಇಟ್ಟೆ. ಸಹಿ ಮಾಡಲಿಲ್ಲ.

ಮೇಲಿನ ಕಚೇರಿಯ ಅಧಿಕಾರಿಯಿಂದ ಎರಡು ಸಲ ಫೋನು ಬಂತು. ಮೂರನೆಯ ಸಲ ತಾವೇ ಬಂದರು. ಇನ್ನೂ ನಲವತ್ತು ದಾಟಿರದ ಮನುಷ್ಯ, ಚುರುಕು.

"ಏನ್ ಸಿಸ್ಟರ್, ಒಂದು ಸಹಿಗೆ ಇಷ್ಟು ದಿನಾನಾ? ಬೇರೆ ಕಡೆಯೆಲ್ಲ ಹಂಚಿ ಆಯ್ತು."

"ಸರ್, ಇಪ್ಪತ್ಮೂರಕ್ಕೆ ಈಗ್ಲೇ ಮಾಡ್ತೀನಿ. ಹದಿನೇಳಕ್ಕೆ ಮಾಡಲ್ಲ."

"ಎಲ್ಲಾ ಉರೀತಿದಾವಲ್ರೀ! ಹಸಿರು ದೀಪನೂ ಬರ್ತಿದೆ. ಇನ್ನೇನು ಬೇಕು ನಿಮಗೆ?"

"ಇದನ್ನ ಆಶಾದವ್ರು ಮನೇಲಿ ಚುಚ್ಚಿ ಮಲಗ್ತಾರೆ ಸರ್. ಮಗ್ಗುಲಲ್ಲಿ ಮಕ್ಕಳಿರ್ತಾವೆ. ಅವರಿಗೆ ಸುಸ್ಥಿತಿ ಅಂತ ಬರ್ಕೊಡೋದು ನಾನು. ಬೇಕಾದ್ರೆ ನನ್ ಮೇಲೆ ನೋಟೀಸ್ ಕೊಡಿ, ಉತ್ತರ ಬರೀತೀನಿ."

ಶೈಲಜಾ ಮೇಡಂ ಪಕ್ಕದಲ್ಲೇ ಇದ್ದರು. "ಸರ್, ಅವರು ಅಳೆದು ಬರೆದಿಟ್ಟಿದಾರೆ. ನಾನೂ ನೋಡಿದೀನಿ" ಎಂದಷ್ಟೇ ಹೇಳಿದರು.

ಅಧಿಕಾರಿ ನನ್ನ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಮೀಟರನ್ನು ಕೈಗೆ ತೆಗೆದುಕೊಂಡು ತಾವೇ ಎರಡು ಸೆಲ್ಲು ಅಳೆದರು. ಆಮೇಲೆ ಡ್ರೈವರನ್ನು ಕಳಿಸಿ ಜೀಪಿನಿಂದ ತಮ್ಮ ಚೀಲ ತರಿಸಿದರು. ಅದರೊಳಗಿಂದ ಅದೇ ಕಪ್ಪು ಚಾರ್ಜರು ಹೊರಬಂತು.

"ಸ್ಯಾಂಪಲ್ ಅಂತ ಕೊಟ್ಟಿದ್ರು. ಊರಲ್ಲಿ ಅಮ್ಮನಿಗೆ ಕೊಡೋಣ ಅಂತ ಇಟ್ಕೊಂಡಿದ್ದೆ" ಅಂದರು. ದನಿ ಇಳಿದಿತ್ತು. "ಇದನ್ನೂ ಒಂದ್ಸಲ ನೋಡಿ."

ತುಂಬಿದ ಸೆಲ್ಲನ್ನೇ ಅದಕ್ಕೆ ಹಾಕಿ ಚುಚ್ಚಿದೆ. ಅವರು ಹೊರರೋಗಿಗಳ ಪುಸ್ತಕ, ಔಷಧಿ ಕೋಣೆ ಎಲ್ಲ ನೋಡಿ ಮುಗಿಸುವುದಕ್ಕೆ ಎರಡು ಗಂಟೆಯಾಯಿತು. ವಾಪಸು ಬಂದು ನನ್ನ ಪಕ್ಕದಲ್ಲಿ ನಿಂತರು. ಸೆಲ್ಲು ತೆಗೆದು ಅವರ ಕೈಗೇ ಕೊಟ್ಟೆ. ಬಿಸಿಯಾಗಿತ್ತು. ಮೀಟರು ನಾಲ್ಕು ಪಾಯಿಂಟ್ ನಾಲ್ಕು ತೋರಿಸಿತು.

ಅವರು ಆ ಚಾರ್ಜರನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಬಿಳಿ ಪ್ಲಾಸ್ಟರಿನ ಒಂದು ತುಂಡು ಹರಿದು ತಾವೇ ಅದಕ್ಕೆ ಅಂಟಿಸಿ, ಹದಿನೇಳರ ಪಕ್ಕ ಹದಿನೆಂಟನೆಯದಾಗಿ ಇಟ್ಟರು. ಕುರ್ಚಿ ಎಳೆದುಕೊಂಡು ಕೂತು, ವಾಪಸಾತಿ ಪತ್ರವನ್ನು ತಮ್ಮ ಕೈಯಿಂದಲೇ ಬರೆದರು. ಹಂಚಿ ಆಗಿದ್ದ ಕಡೆಯೆಲ್ಲ ಚಾರ್ಜರುಗಳನ್ನು ವಾಪಸು ತರಿಸಿ ಅಳೆಯಬೇಕು ಎಂದು ಕೊನೆಯ ಸಾಲಿನಲ್ಲಿ ಸೇರಿಸಿದರು. ಬರೆದು ಮುಗಿಸಿ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನು ಕೊಟ್ಟರು.

ನಾನು ಮೊದಲಿಂದ ಕೊನೆವರೆಗೆ ಓದಿದೆ. ಆಮೇಲೆ ಸಹಿ ಮಾಡಿದೆ.